ಆಲ್ಟೋ ಹಿಂದಿನ ಚಕ್ರದ ಬೇರಿಂಗ್ ಮನೆಯಲ್ಲೇ ಬದಲಾಯಿಸಿದೆ: ಎಸ್‌ಕೆಎಫ್ ಬೇರಿಂಗ್ ಬಗ್ಗೆ ನನ್ನ ಅನುಭವ

ನಮ್ಮದು 2008ರ ಆಲ್ಟೋ. ಊರು ಸಾಗರದ ಹತ್ತಿರ. ಮನೆಯಿಂದ ಟಾರು ರಸ್ತೆಗೆ ಬರಬೇಕೆಂದರೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ, ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ಹಳ್ಳದ ನೀರು ಚಕ್ರದ ಅರ್ಧದ ತನಕ ಬರುತ್ತದೆ. ಇಂಥ ದಾರಿಯಲ್ಲಿ ಓಡುವ ಕಾರಿಗೆ ಹಿಂದಿನ ಬೇರಿಂಗ್ (ಚಕ್ರ ಸಲೀಸಾಗಿ ತಿರುಗಲಿ ಎಂದು ಒಳ ರಿಂಗ್, ಹೊರ ರಿಂಗ್ ನಡುವೆ ಉಕ್ಕಿನ ಗುಂಡುಗಳನ್ನು ಇಟ್ಟ ಭಾಗ) ಹೋಗುವುದು ದೊಡ್ಡ ವಿಷಯವೇನಲ್ಲ. ಆದರೆ ದುಡ್ಡು ಕೊಟ್ಟು ಹೊಸದು ಹಾಕಿಸಿ ಏಳೇ ತಿಂಗಳಿಗೆ ಮತ್ತೆ ಕೂಗಲು ಶುರುವಾದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ನನಗೆ ಆಗಿದ್ದು ಅದೇ. ಹೋದ ವರ್ಷ ಒಂದು ಗ್ಯಾರೇಜಿನಲ್ಲಿ ಎರಡೂ ಬದಿಗೆ ಎಸ್‌ಕೆಎಫ್ ಕಂಪನಿಯ ಬೇರಿಂಗ್ ಹಾಕಿಸಿದ್ದೆ. ಏಳು ತಿಂಗಳಾದ ಮೇಲೆ ಶಿವಮೊಗ್ಗಕ್ಕೆ ಹೋಗುವಾಗ ಆನಂದಪುರ ದಾಟಿ ಸ್ವಲ್ಪ ವೇಗ ಹಿಡಿದ ಕೂಡಲೇ ಹಿಂದಿನಿಂದ ಗುಂಯ್ ಎಂಬ ಸದ್ದು. ಆಮೇಲೆ ಎಷ್ಟೋ ಜನರ ಹತ್ತಿರ ನಾನೇ ಹೇಳಿದ್ದೇನೆ, ಆ ಬೇರಿಂಗ್ ತಗೋಬೇಡಿ, ಬಾಳಿಕೆ ಬರುವುದಿಲ್ಲ ಅಂತ. ಈಗ ಆ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಹಳೆಯ ಬೇರಿಂಗನ್ನು ಕೈಯಾರೆ ಬಿಚ್ಚಿ ನೋಡಿದ ಮೇಲೆ ತಪ್ಪು ಬೇರಿಂಗಿನದ್ದಲ್ಲ, ಅದನ್ನು ಹಾಕಿದ ರೀತಿಯದ್ದು ಎಂದು ಗೊತ್ತಾಯಿತು. ಅದಕ್ಕೇ ಈ ಸಲವೂ ಅದೇ ಬೇರಿಂಗ್ ತಂದು, ನಾನೇ ಹಾಕಿ, ನಾಲ್ಕು ತಿಂಗಳು ಓಡಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸದ್ದಿನ ವಿಷಯ. ಟೈರ್ ಸದ್ದು ಮತ್ತು ಬೇರಿಂಗ್ ಸದ್ದು ಹೆಚ್ಚುಕಡಿಮೆ ಒಂದೇ ಥರ ಕೇಳುತ್ತದೆ. ಟೈರ್ ಸದ್ದಾದರೆ ರಸ್ತೆ ಬದಲಾದಂತೆ ಬದಲಾಗುತ್ತದೆ, ಹೊಸ ಡಾಂಬರಿನ ಮೇಲೆ ಕಡಿಮೆ, ಒರಟು ರಸ್ತೆಯಲ್ಲಿ ಜಾಸ್ತಿ. ಬೇರಿಂಗ್ ಹಾಗಲ್ಲ. ರಸ್ತೆ ಯಾವುದೇ ಇರಲಿ, ವೇಗ ಹೆಚ್ಚಿದಂತೆ ಸದ್ದು ಏರುತ್ತದೆ. ನ್ಯೂಟ್ರಲ್‌ಗೆ ತಂದರೂ ನಿಲ್ಲುವುದಿಲ್ಲ. ತಿರುವಿನಲ್ಲಿ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಎಡಕ್ಕೆ ತಿರುಗಿಸಿದಾಗ ಕಾರಿನ ಭಾರ ಬಲಗಡೆಗೆ ಬೀಳುತ್ತದೆ, ಆಗ ಸದ್ದು ಜೋರಾದರೆ ಬಲಗಡೆಯ ಬೇರಿಂಗ್ ಮೇಲೆ ಅನುಮಾನ ಪಡಬೇಕು. ನಮ್ಮ ಮಲೆನಾಡಿನ ರಸ್ತೆಯಲ್ಲಿ ತಿರುವಿಗೇನು ಬರ, ಹತ್ತು ನಿಮಿಷದಲ್ಲಿ ಪರೀಕ್ಷೆ ಮುಗಿಯಿತು. ನನ್ನದು ಬಲಗಡೆ.

ಮನೆಗೆ ಬಂದು ಹಿಂದಿನ ಚಕ್ರ ಎತ್ತಿ, ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯನ್ನು ಸಸ್ಪೆನ್ಷನ್ನಿನ ಸ್ಪ್ರಿಂಗ್ ಮೇಲೆ ಇಟ್ಟೆ. ಕಿವಿಗೆ ಕೇಳದ ತರತರಿಕೆ ಸ್ಪ್ರಿಂಗ್ ಮೂಲಕ ಬೆರಳಿಗೆ ಬರುತ್ತದೆ. ಬೀಸುಕಲ್ಲಿಗೆ ಸಣ್ಣ ಮರಳು ಸಿಕ್ಕಿಕೊಂಡ ಹಾಗೆ. ಎಡಗಡೆ ಅಷ್ಟಿರಲಿಲ್ಲ, ಆದರೂ ಪೂರ್ತಿ ನುಣುಪಾಗಿಯೂ ಇರಲಿಲ್ಲ. ಎರಡನ್ನೂ ಒಂದೇ ದಿನ, ಒಬ್ಬರೇ, ಒಂದೇ ರೀತಿಯಲ್ಲಿ ಹಾಕಿದ್ದು, ಹಾಗಾಗಿ ಎರಡೂ ಬದಲಾಯಿಸುವುದು ಎಂದು ತೀರ್ಮಾನ ಮಾಡಿದೆ.

ಬೇರಿಂಗ್ ಕೊಳ್ಳುವುದು ಎಲ್ಲಕ್ಕಿಂತ ತಲೆನೋವಿನ ಕೆಲಸ. ಮೊದಲು ಹೋದ ಅಂಗಡಿಯಲ್ಲಿ ಪೆಟ್ಟಿಗೆಯೇ ಇಲ್ಲದೆ, ಪೇಪರಿನಲ್ಲಿ ಸುತ್ತಿದ ಬೇರಿಂಗ್ ಕೊಟ್ಟು ಒರಿಜಿನಲ್ಲೇ ಅಂದರು. ಬಿಲ್ ಕೇಳಿದರೆ ಬೇರೆ ಮಾತು ತೆಗೆದರು. ಸುಮ್ನೆ ವಾಪಸ್ ಬಂದೆ. ಆಮೇಲೆ ಬೆಂಗಳೂರಿಗೆ ಹೋಗುವ ಕೆಲಸವಿತ್ತು, ಜೆ.ಸಿ. ರಸ್ತೆಯಲ್ಲಿ ಬಿಲ್ ಕೊಡುವ, ಪೆಟ್ಟಿಗೆಯ ಸೀಲ್ ಒಡೆಯದ ಮಾಲು ಇಡುವ ಅಂಗಡಿ ಹುಡುಕಿ ತಂದೆ. ಈ ಕಂಪನಿಗೆ ನೂರಕ್ಕೂ ಹೆಚ್ಚು ವರ್ಷದ ಹೆಸರಿದೆ, ಸ್ವೀಡನ್ನಿನಲ್ಲಿ 1907ರಲ್ಲಿ ಶುರುವಾಗಿದ್ದು, ನಮ್ಮ ಬೆಂಗಳೂರಿನ ಬೊಮ್ಮಸಂದ್ರದಲ್ಲೂ ಕಾರ್ಖಾನೆ ಇದೆ. ಹೆಸರು ದೊಡ್ಡದಾದ ಕಡೆ ನಕಲಿಯೂ ಜಾಸ್ತಿ. ಅದಕ್ಕೆ ಅವರೇ ಎಸ್‌ಕೆಎಫ್ ಅಥೆಂಟಿಕೇಟ್ ಎಂಬ ಆಪ್ ಇಟ್ಟಿದ್ದಾರೆ. ಅನುಮಾನ ಬಂದರೆ ಪೆಟ್ಟಿಗೆ ಮತ್ತು ಬೇರಿಂಗಿನ ಫೋಟೋ ತೆಗೆದು ಅದರಲ್ಲಿ ಕಳಿಸಬಹುದು, ಕಂಪನಿಯವರೇ ನೋಡಿ ಹೇಳುತ್ತಾರೆ. ಅದನ್ನು ಬಳಸಿ. ನಾಲ್ಕು ಬೇರಿಂಗ್, ನಟ್ ಕಳಚದ ಹಾಗೆ ತಡೆಯುವ ಸ್ಪ್ಲಿಟ್ ಪಿನ್ ಎಲ್ಲ ಸೇರಿ ನನಗೆ ಎರಡು ಸಾವಿರದ ಒಳಗೇ ಆಯಿತು. ಹೌದು, ನಾಲ್ಕು. ಹಳೆಯ ಆಲ್ಟೋದಲ್ಲಿ ಬೇರಿಂಗ್ ಇರುವುದು ಚಕ್ರದ ಜೊತೆ ತಿರುಗುವ ಬ್ರೇಕ್ ಡ್ರಮ್ಮಿನ ಹೊಟ್ಟೆಯಲ್ಲೇ, ಒಂದೊಂದು ಡ್ರಮ್ಮಿಗೆ ಒಳಗೊಂದು ಹೊರಗೊಂದು, ನಡುವೆ ಸ್ಪೇಸರ್ ಎಂಬ ಒಂದು ಕೊಳವೆ.

ಬೇರಿಂಗ್ ಮೇಲಿನ ನಂಬರ್ ಓದುವುದನ್ನು ಕಲಿತರೆ ಅಂಗಡಿಯಲ್ಲಿ ಯಾರೂ ನಿಮ್ಮನ್ನು ದಾರಿ ತಪ್ಪಿಸಲು ಆಗುವುದಿಲ್ಲ. ಉದಾಹರಣೆಗೆ 6205 ಎಂದಿದ್ದರೆ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿ. 05 ಅಂದರೆ ಒಳಗಿನ ತೂತು 25 ಎಂಎಂ. ನಂಬರಿನ ನಂತರ ಬರುವ ಅಕ್ಷರ ಮುಚ್ಚಳ ಯಾವುದೆಂದು ಹೇಳುತ್ತದೆ. 2ಆರ್‌ಎಸ್ ಎಂದರೆ ಎರಡೂ ಬದಿಗೆ ರಬ್ಬರ್ ಸೀಲ್, ಝಡ್‌ಝಡ್ ಅಥವಾ 2ಝಡ್ ಎಂದರೆ ತಗಡಿನ ಮುಚ್ಚಳ. ತಗಡಿನದ್ದು ಧೂಳು ತಡೆಯುತ್ತದೆ, ನೀರನ್ನು ಅಷ್ಟಾಗಿ ತಡೆಯುವುದಿಲ್ಲ. ಹಳ್ಳ ದಾಟುವವರಿಗೆ ರಬ್ಬರ್ ಸೀಲೇ ಬೇಕು. ಸಿ3 ಎಂದಿದ್ದರೆ ಒಳಗೆ ಗುಂಡುಗಳಿಗೆ ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಜಾಗ ಬಿಟ್ಟಿದ್ದಾರೆ ಎಂದರ್ಥ, ಬಿಸಿಯಾದಾಗ ಬಿಗಿಯದಿರಲಿ ಅಂತ. ನಿಮ್ಮ ಕಾರಿಗೆ ಯಾವ ನಂಬರ್ ಎಂಬುದನ್ನು ಮಾತ್ರ ಇನ್ನೊಬ್ಬರ ಮಾತು ಕೇಳಿ ತರಬೇಡಿ. ಕಾರಿನ ಮಾಡೆಲ್, ವರ್ಷ ಹೇಳಿ ಪಾರ್ಟ್ ನಂಬರ್ ನೋಡಿಸಿ, ಇಲ್ಲವೇ ಹಳೆಯದನ್ನೇ ಕೈಯಲ್ಲಿ ಹಿಡಿದು ಹೋಗಿ.

ಈಗ ಕೆಲಸ. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳದಲ್ಲಿ ಕಾರು ನಿಲ್ಲಿಸಿದೆ. ಮಣ್ಣು ನೆಲದಲ್ಲಿ ಜಾಕ್ ಇಡಬೇಡಿ, ಹೂತುಹೋಗುತ್ತದೆ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರವನ್ನು. ಡ್ರಮ್ ಬಿಚ್ಚಬೇಕಾದರೆ ಅದನ್ನು ಇಳಿಸಲೇಬೇಕು. ಆಗ ಕಾರನ್ನು ಹಿಡಿದು ನಿಲ್ಲಿಸಲು ಉಳಿಯುವುದು ಗೇರ್ ಮತ್ತು ಮುಂದಿನ ಚಕ್ರಕ್ಕೆ ಕೊಡುವ ಅಡ್ಡ, ಅಷ್ಟೇ. ಮೊದಲನೇ ಗೇರಿಗೆ ಹಾಕಿ, ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಮರದ ತುಂಡು ಕೊಟ್ಟೆ. ಜಾಕಿನಿಂದ ಎತ್ತಿದ ಮೇಲೆ ಸ್ಟ್ಯಾಂಡ್ ಮೇಲೆ ಕೂರಿಸಿದೆ. ನಮ್ಮ ಕಡೆ ಎಲ್ಲದಕ್ಕೂ ಜಂಬಿಟ್ಟಿಗೆ ಕಲ್ಲು ಜೋಡಿಸುವ ಅಭ್ಯಾಸ ಇದೆ. ದಯವಿಟ್ಟು ಇದಕ್ಕೆ ಬೇಡ. ಆ ಕಲ್ಲು ಯಾವಾಗ ಒಡೆಯುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ, ಕೆಳಗೆ ನಿಮ್ಮ ಕೈ ಇರುತ್ತದೆ.

ಚಕ್ರ ಬಿಚ್ಚಿ, ನಡುವಿನ ಟೋಪಿ ತೆಗೆದರೆ ಸ್ಪ್ಲಿಟ್ ಪಿನ್, ಅದರಡಿ ಕೋಟೆಯ ತೆನೆಯ ಹಾಗೆ ಕಚ್ಚು ಇರುವ ನಟ್. ಪಿನ್ ತೆಗೆದು ನಟ್ ಬಿಚ್ಚಿದೆ. ಡ್ರಮ್ ಮಾತ್ರ ಬರಲೇ ಇಲ್ಲ. ಸವೆದ ಡ್ರಮ್ಮಿನ ಒಳಗೆ ಅಂಚು ಎದ್ದಿರುತ್ತದೆ, ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಬ್ರೇಕ್ ಶೂ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಡ್ರಮ್ಮನ್ನು ಎಳೆದು ತೆಗೆಯುವ ಸ್ಲೈಡ್ ಹ್ಯಾಮರ್ ಇದ್ದರೆ ಒಳ್ಳೆಯದು, ನನ್ನ ಹತ್ತಿರ ಇರಲಿಲ್ಲ. ಚಕ್ರವನ್ನೇ ಮತ್ತೆ ಡ್ರಮ್ಮಿಗೆ ಹಾಕಿ, ಚಕ್ರದ ನಟ್‌ಗಳನ್ನು ಕೈಬಿಗಿ ಮಾಡಿ, ಎರಡೂ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸುತ್ತಾ ಎಳೆದೆ. ಐದು ನಿಮಿಷದ ಮೇಲೆ ಚಕ್ರದ ಜೊತೆಗೇ ಡ್ರಮ್ ಬಂತು. ಕಾರು ಸ್ಟ್ಯಾಂಡ್ ಮೇಲೆ ಗಟ್ಟಿಯಾಗಿ ಕೂತಿದ್ದರೆ ಮಾತ್ರ ಹೀಗೆ ಎಳೆಯಿರಿ. ಒಳಗಿನ ಬ್ರೇಕ್ ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಹಳೆಯ ಬೇರಿಂಗ್ ತೆಗೆಯುವುದಕ್ಕೆ ಡ್ರಮ್ಮಿನ ತೂತಿನಲ್ಲಿ ಒಂದು ಕಬ್ಬಿಣದ ಸರಳು ತೂರಿಸಿ, ನಡುವಿನ ಸ್ಪೇಸರನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಆ ಬದಿಯ ಬೇರಿಂಗಿನ ಒಳ ರಿಂಗಿಗೆ ಸುತ್ತಲೂ ಒಂದೊಂದೇ ಪೆಟ್ಟು ಕೊಡುತ್ತಾ ಬರಬೇಕು. ಒಂದೇ ಕಡೆ ಹೊಡೆದರೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಹೀಗೆ ತೆಗೆದ ಬೇರಿಂಗ್ ಮತ್ತೆ ಉಪಯೋಗಕ್ಕಿಲ್ಲ, ಎಷ್ಟೇ ಹೊಸದಾಗಿ ಕಂಡರೂ. ತೆಗೆಯುವ ಮೊದಲು ಅದರ ಹೊರಮುಖಕ್ಕೆ ಬಿಳಿ ಪೇಂಟಿನ ಚುಕ್ಕೆ ಇಟ್ಟಿದ್ದೆ. ಆ ಚುಕ್ಕೆಯೇ ಆಮೇಲೆ ನನಗೆ ಎಲ್ಲ ಹೇಳಿದ್ದು.

ಹೊಸ ಬೇರಿಂಗ್ ಒತ್ತಲು ನನಗೆ ಅದೇ ಅಳತೆಯ ಒಂದು ಬಳೆ ಬೇಕಿತ್ತು. ಹಳೆಯದರ ಹೊರ ರಿಂಗಿಗಿಂತ ಸರಿಯಾದ ಅಳತೆ ಎಲ್ಲಿ ಸಿಗುತ್ತದೆ? ಸೀಲ್ ಕಿತ್ತು, ಗುಂಡುಗಳನ್ನು ಹಿಡಿದಿರುವ ಪಂಜರದ ರಿವೆಟ್ ಕತ್ತರಿಸಿ, ಗುಂಡುಗಳನ್ನೆಲ್ಲ ಒಂದು ಬದಿಗೆ ಸರಿಸಿದರೆ ಒಳ ರಿಂಗ್ ಕಳಚಿ ಬರುತ್ತದೆ. ಹೊರ ರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದೆ. ಗುಂಡು ಓಡುವ ಕಾಲುವೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಆ ಕನ್ನಡಿಯ ಒಂದು ಅಂಚಿನಲ್ಲಿ, ಸುತ್ತಲೂ ಅಳತೆ ಮಾಡಿ ಇಟ್ಟ ಹಾಗೆ, ಸಣ್ಣ ಸಣ್ಣ ಗುಳಿಗಳು. ಗುಂಡು ಎಷ್ಟಿತ್ತೋ ಗುಳಿಯೂ ಅಷ್ಟೇ. ಕೆಲವು ಗುಳಿಗಳ ಅಂಚಿನಿಂದ ಉಕ್ಕು ಪದರ ಪದರವಾಗಿ ಎದ್ದುಬಂದಿತ್ತು. ಉಗುರು ಎಳೆದರೆ ಕಚ್ಚುತ್ತಿತ್ತು. ಬೆರಳಿಗೆ ಸಿಕ್ಕ ಆ ತರತರಿಕೆ ಇಲ್ಲಿಂದ ಬಂದಿದ್ದು.

ನಾನು ತೆಗೆಯುವಾಗ ಹೊಡೆದದ್ದಕ್ಕೇ ಈ ಗುಳಿ ಬಿದ್ದಿರಬಹುದಲ್ಲ ಎಂದು ನನಗೂ ಮೊದಲು ಅನಿಸಿತು. ಆದರೆ ಆ ಪೇಂಟಿನ ಚುಕ್ಕೆ ನೋಡಿ. ನಾನು ಹೊಡೆದದ್ದು ಒಳಗಿನಿಂದ ಹೊರಕ್ಕೆ. ಹಾಗಾದರೆ ಗುಂಡುಗಳು ಹೊರ ರಿಂಗಿನಲ್ಲಿ ಒತ್ತುವುದು ಚುಕ್ಕೆ ಇರುವ ಬದಿಯ ಅಂಚನ್ನು. ಪದರ ಎದ್ದ ಹಳೆಯ ಗುಳಿಗಳಿದ್ದದ್ದು ಅದರ ಎದುರು ಬದಿಯಲ್ಲಿ, ಡ್ರಮ್ಮಿನ ಒಳಮುಖವಾಗಿ. ಅಂದರೆ ಹೊರಗಿನಿಂದ ಒಳಕ್ಕೆ ಬಿದ್ದ ಪೆಟ್ಟು ಅದು, ಹಾಕುವಾಗ ಬಿದ್ದದ್ದು. ಚುಕ್ಕೆಯ ಬದಿಯಲ್ಲಿ ನಾನು ಮಾಡಿದ ಒಂದೆರಡು ಗುರುತು ಇದ್ದವು, ಅವು ಹೊಸದಾಗಿ, ಚೊಕ್ಕವಾಗಿದ್ದವು. ಆಗ ಆ ದಿನದ ಗ್ಯಾರೇಜ್ ಕಣ್ಣ ಮುಂದೆ ಬಂತು. ಹುಡುಗ ಬೇರಿಂಗ್ ಇಟ್ಟು, ಅದರ ನಡುವಿಗೆ ಒಂದು ಸಣ್ಣ ಸಾಕೆಟ್ ಇಟ್ಟು, ದೊಡ್ಡ ಸುತ್ತಿಗೆಯಲ್ಲಿ ಹೊಡೆಯುತ್ತಿದ್ದ. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಪೆಟ್ಟು ಬೀಳುತ್ತಿದ್ದದ್ದು ಒಳ ರಿಂಗಿನ ಮೇಲೆ, ಬಿಗಿಯಾಗಿ ಕೂರಬೇಕಾದದ್ದು ಹೊರ ರಿಂಗ್. ನಡುವೆ ಸಿಕ್ಕಿ ಏಟು ತಿಂದದ್ದು ಗುಂಡುಗಳು. ಮೊದಲ ದಿನವೇ ಆ ಬೇರಿಂಗ್ ಹಾಳಾಗಿತ್ತು, ಕೂಗಲು ಏಳು ತಿಂಗಳು ತೆಗೆದುಕೊಂಡಿತು ಅಷ್ಟೇ. ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಹೊರ ರಿಂಗ್ ಯಾಕೆ ಬಿಗಿ ಇರಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ಹಿಂದಿನ ಚಕ್ರದಲ್ಲಿ ಸ್ಪಿಂಡಲ್, ಅಂದರೆ ಡ್ರಮ್ ಕೂರುವ ಅಚ್ಚು, ತಿರುಗುವುದಿಲ್ಲ, ಡ್ರಮ್ ತಿರುಗುತ್ತದೆ. ತಿರುಗುವ ಭಾಗಕ್ಕೆ ಅಂಟಿಕೊಂಡ ರಿಂಗ್ ಸಡಿಲ ಇದ್ದರೆ ಅದು ಒಳಗೇ ಜಾರುತ್ತಾ ಡ್ರಮ್ಮನ್ನೇ ತಿಂದುಬಿಡುತ್ತದೆ. ಅದಕ್ಕೆ ಡ್ರಮ್ಮಿನಲ್ಲಿ ಬಿಗಿ, ಸ್ಪಿಂಡಲ್ ಮೇಲೆ ಜಾರುವಷ್ಟು. ಹಾಗಾಗಿ ಡ್ರಮ್ಮಿಗೆ ಹಾಕುವಾಗ ಒತ್ತುವುದೇನಿದ್ದರೂ ಹೊರ ರಿಂಗನ್ನು ಮಾತ್ರ.

ನಾನು ಮೊದಲನೆಯದಕ್ಕೆ ಒತ್ತಲೂ ಇಲ್ಲ. ಹೊಸ ಬೇರಿಂಗುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿ ಇಟ್ಟಿದ್ದೆ, ಹಲಸಿನ ತೊಳೆಯ ಪಕ್ಕದಲ್ಲಿ. ಡ್ರಮ್ಮನ್ನು ಚೆನ್ನಾಗಿ ತೊಳೆದು, ಹಳೆಯ ಡಬರಿಯಲ್ಲಿ ನೀರು ತುಂಬಿಸಿ ಅದರಲ್ಲಿ ಮುಳುಗಿಸಿ ಬಚ್ಚಲೊಲೆಯ ಮೇಲೆ ಇಟ್ಟೆ. ಅಡಿಕೆ ಸಿಪ್ಪೆಯ ಬೆಂಕಿ, ಅರ್ಧ ಗಂಟೆಗೆ ನೀರು ಕುದಿಯಿತು. ಲೆಕ್ಕ ಹಾಕಿ ನೋಡಿ. 50 ಎಂಎಂ ಅಗಲದ ತೂತು 28 ಡಿಗ್ರಿಯಿಂದ 98ಕ್ಕೆ ಬಂದರೆ ಸುಮಾರು 0.04 ಎಂಎಂ ಹಿಗ್ಗುತ್ತದೆ. ಅಷ್ಟೇ ಅಗಲದ ಬೇರಿಂಗ್ ಸೊನ್ನೆಗಿಂತ 15 ಡಿಗ್ರಿ ಕೆಳಗೆ ಹೋದರೆ 0.025ರಷ್ಟು ಕುಗ್ಗುತ್ತದೆ. ಎರಡೂ ಸೇರಿದರೆ ಒಂದು ತಲೆಕೂದಲಿನ ದಪ್ಪ. ಅಷ್ಟು ಸಾಕು. ಡ್ರಮ್ಮನ್ನು ಇಕ್ಕಳದಲ್ಲಿ ಎತ್ತಿ, ಬಿಸಿಗೇ ಒಣಗಿದ ತೂತನ್ನು ಒಣ ಬಟ್ಟೆಯಲ್ಲಿ ಒಂದು ಸಲ ಒರೆಸಿ, ಬೇರಿಂಗ್ ನೆಟ್ಟಗೆ ಹಿಡಿದು ಬಿಟ್ಟೆ. ಠಕ್ ಅಂತ ತಳ ಮುಟ್ಟಿತು. ಸುತ್ತಿಗೆ ಮುಟ್ಟಲೇ ಇಲ್ಲ. ಕೈ ತಡ ಮಾಡಬಾರದು, ಹತ್ತು ಸೆಕೆಂಡಿನಲ್ಲಿ ಎರಡರ ಬಿಸಿ ಸರಿಸಮವಾಗಲು ಶುರುವಾಗಿ ಅರ್ಧದಲ್ಲೇ ಹಿಡಿದುಕೊಳ್ಳುತ್ತದೆ. ಕೈಗೆ ದಪ್ಪ ಗ್ಲೌಸ್ ಬೇಕೇ ಬೇಕು.

ಎರಡನೆಯ ಬೇರಿಂಗಿಗೆ ಈ ಉಪಾಯ ನಡೆಯುವುದಿಲ್ಲ. ಒಳಗೆ ಒಂದು ಬೇರಿಂಗ್ ಕೂತಿರುವ ಡ್ರಮ್ಮನ್ನು ಮತ್ತೆ ನೀರಿನಲ್ಲಿ ಕುದಿಸಲು ಆಗುತ್ತದೆಯೇ? ಅದಕ್ಕೇ ಉದ್ದದ ಥ್ರೆಡ್ ರಾಡ್, ದಪ್ಪ ವಾಷರ್ ಮತ್ತು ಆ ಹಳೆಯ ಹೊರ ರಿಂಗ್. ರಿಂಗಿನ ಹೊರಮೈಯನ್ನು ಗ್ರೈಂಡರಿನಲ್ಲಿ ಒಂದು ಸುತ್ತು ಸವೆಸಿಕೊಳ್ಳಿ, ಇಲ್ಲದಿದ್ದರೆ ಅದೂ ಒಳಗೇ ಕೂತುಬಿಡುತ್ತದೆ. ಮೊದಲ ಬೇರಿಂಗ್ ಕೂತಿರುವ ಎದುರು ಬದಿಯಲ್ಲಿ ಕೊಡುವ ತಗಡು ಆ ಬೇರಿಂಗಿನ ಒಳ ರಿಂಗಿಗೆ ತಾಗದೆ ಡ್ರಮ್ಮಿನ ಮೈಗೇ ಒರಗಿರಬೇಕು. ಆಮೇಲೆ ನಟ್ ತಿರುಗಿಸುತ್ತಾ ನಿಧಾನವಾಗಿ ಎಳೆದುಕೊಂಡರೆ ಬೇರಿಂಗ್ ನೆಟ್ಟಗೆ ಇಳಿಯುತ್ತದೆ. ತಳ ಮುಟ್ಟಿದಾಗ ಪಾನಾಕ್ಕೆ ಒಮ್ಮೆಲೇ ಗಟ್ಟಿ ಅನಿಸುತ್ತದೆ. ಅಲ್ಲಿಗೆ ನಿಲ್ಲಿಸಿ.

ಸ್ಪೇಸರ್! ಎರಡನೆಯ ಬೇರಿಂಗ್ ಇಡುವ ಮೊದಲು ಅದು ಒಳಗಿದೆಯೇ ಎಂದು ಎರಡು ಸಲ ನೋಡಿ. ಎಡಗಡೆಯ ಡ್ರಮ್ಮಿನಲ್ಲಿ ನಾನು ಅದನ್ನು ಮರೆತು ರಾಡ್ ಬಿಗಿಯಲು ಹೊರಟಿದ್ದೆ, ಪಕ್ಕದಲ್ಲಿದ್ದ ಮಗಳು ಈ ಕೊಳವೆ ಯಾವುದಕ್ಕೆ ಅಂತ ಕೇಳಿದಳು. ಕೊನೆಗೆ ನಾವು ನಟ್ ಬಿಗಿದಾಗ ಆ ಬಿಗಿ ಹೊರ ಬೇರಿಂಗಿನ ಒಳ ರಿಂಗಿನಿಂದ ಸ್ಪೇಸರಿಗೆ, ಸ್ಪೇಸರಿನಿಂದ ಇನ್ನೊಂದು ಒಳ ರಿಂಗಿಗೆ ಹೋಗುತ್ತದೆ. ಸ್ಪೇಸರ್ ಇಲ್ಲದಿದ್ದರೆ ಅಷ್ಟೂ ಬಿಗಿ ಗುಂಡುಗಳ ಮೇಲೇ ಬೀಳುತ್ತದೆ. ಹೊಸ ಬೇರಿಂಗ್ ಸ್ವಲ್ಪ ದೂರ ಓಡುವುದರೊಳಗೆ ಕಾಯ್ದು ಹಾಳಾಗುತ್ತದೆ.

ಉಳಿದದ್ದು ಸಲೀಸು. ಸ್ಪಿಂಡಲ್ ಒರೆಸಿ ತೆಳ್ಳಗೆ ಗ್ರೀಸ್ ಸವರಿ, ಶೂಗಳಿಗೆ ಗ್ರೀಸ್ ತಾಗದ ಹಾಗೆ ಡ್ರಮ್ ಏರಿಸಿ, ವಾಷರ್, ನಟ್. ನಟ್ ಬಿಗಿಯಲು ಟಾರ್ಕ್ ಪಾನಾ (ಎಷ್ಟು ಬಿಗಿಯಾಯಿತೆಂದು ಅಳೆಯುವ ಪಾನಾ) ಬಾಡಿಗೆಗೋ ಸಾಲಕ್ಕೋ ತನ್ನಿ, ನಿಮ್ಮ ಮಾಡೆಲ್ಲಿನ ಮ್ಯಾನ್ಯುಯಲ್ಲಿನಲ್ಲಿ ಕೊಟ್ಟಷ್ಟೇ ಬಿಗಿಯಿರಿ. ಸ್ಪ್ಲಿಟ್ ಪಿನ್ ಹೊಸದೇ ಹಾಕಿ. ಐದು ರೂಪಾಯಿಯ ವಸ್ತು, ಚಕ್ರ ಕಳಚದ ಹಾಗೆ ಕಾಯುವುದು ಅದೇ. ಚಕ್ರ ಹಾಕಿ, ಬ್ರೇಕ್ ನಾಲ್ಕೈದು ಸಲ ಒತ್ತಿ, ಹ್ಯಾಂಡ್ ಬ್ರೇಕ್ ಹಿಡಿಯುತ್ತದೆಯೇ ನೋಡಿ, ಆಮೇಲೆ ಇಳಿಸಿ. ಮೊದಲ ಚಕ್ರಕ್ಕೆ ಬೆಳಿಗ್ಗೆಯಿಂದ ಮಧ್ಯಾಹ್ನ ಮೂರರವರೆಗೆ ಹಿಡಿಯಿತು, ಎರಡನೆಯದಕ್ಕೆ ಎರಡೂವರೆ ಗಂಟೆ.

ಬೇರಿಂಗ್ ಬಗ್ಗೆ ಹೇಳುವುದಾದರೆ, ನನಗೆ ಪೂರ್ತಿ ಸಮಾಧಾನ ಇದೆ. ಕೈಯಲ್ಲಿ ತಿರುಗಿಸಿದಾಗಲೇ ಗೊತ್ತಾಗುತ್ತದೆ, ರೇಷ್ಮೆ ಎಳೆದ ಹಾಗೆ ಸದ್ದಿಲ್ಲದೆ ಸುತ್ತುತ್ತದೆ. ಈ ನಾಲ್ಕು ತಿಂಗಳಲ್ಲಿ ಸುಮಾರು ಮೂರು ಸಾವಿರ ಕಿಲೋಮೀಟರ್ ಓಡಿದೆ, ಅದರಲ್ಲಿ ಎರಡು ತಿಂಗಳು ಜಡಿಮಳೆ, ದಿನಕ್ಕೆ ಎರಡು ಸಲ ಹಳ್ಳ. ಪ್ರತಿ ತಿಂಗಳು ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡುತ್ತೇನೆ, ಒಂದು ಚೂರೂ ಸಡಿಲ ಇಲ್ಲ. ಶಿವಮೊಗ್ಗ ಮುಟ್ಟಿದ ಕೂಡಲೇ ಎರಡೂ ಚಕ್ರದ ನಡುವಿಗೆ ಕೈ ಹತ್ತಿರ ತಂದು ನೋಡುತ್ತೇನೆ, ಎರಡರ ಬಿಸಿ ಒಂದೇ ಸಮ. ಕೊರತೆ ಎಂದರೆ ಪೆಟ್ಟಿಗೆಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಹೊರ ರಿಂಗಿಗೆ ಮಾತ್ರ ಒತ್ತಿ ಎಂದು ಒಂದು ಚಿತ್ರ, ಕನ್ನಡದಲ್ಲಿ ಒಂದು ಸಾಲು ಇದ್ದಿದ್ದರೆ ಎಷ್ಟೋ ಗ್ಯಾರೇಜಿನ ಹುಡುಗರಿಗೆ ಗೊತ್ತಾಗುತ್ತಿತ್ತು. ಇಷ್ಟು ಒಳ್ಳೆಯ ವಸ್ತು ಮಾಡುವವರು ಅದನ್ನೂ ಮಾಡಬೇಕು.

ಎಲ್ಲರೂ ಮನೆಯಲ್ಲೇ ಮಾಡಿ ಎಂದು ನಾನು ಹೇಳುವುದಿಲ್ಲ. ಒಂದೇ ದೊಡ್ಡ ಬೇರಿಂಗನ್ನು ಸರ್ಕ್ಲಿಪ್ (ಬೇರಿಂಗ್ ಹೊರಬರದಂತೆ ತಡೆಯುವ ಉಕ್ಕಿನ ಬಳೆ) ಹಾಕಿ ಕೂರಿಸಿದ ಕಾರುಗಳಿವೆ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದ ಹಾಗೆ ನೋಡುವ ವ್ಯವಸ್ಥೆ) ಇರುವ ಕಾರುಗಳ ಕೆಲವು ಬೇರಿಂಗುಗಳ ಸೀಲಿನಲ್ಲೇ ಅಯಸ್ಕಾಂತದ ಪಟ್ಟಿ ಇರುತ್ತದೆ. ಅಂಥದ್ದಕ್ಕೆ ಡ್ರಮ್ ಬಿಚ್ಚಿಕೊಂಡು ಹೈಡ್ರಾಲಿಕ್ ಪ್ರೆಸ್ ಇರುವ ಲೇತ್ ಅಂಗಡಿಗೆ ಹೋಗಿ. ಎಲ್ಲಿಗೆ ಹೋದರೂ ಪಕ್ಕದಲ್ಲಿ ನಿಂತುಕೊಳ್ಳಿ. ನಡುವಿನ ರಿಂಗಿಗೆ ಸುತ್ತಿಗೆ ಎತ್ತಿದರೆ ಕೈ ಹಿಡಿದು ನಿಲ್ಲಿಸಿ, ಮರ್ಯಾದೆಯಿಂದಲೇ ಹೇಳಿ, ಕೇಳುತ್ತಾರೆ.

ಗುಳಿ ಬಿದ್ದ ಆ ಹೊರ ರಿಂಗನ್ನು ಎಣ್ಣೆ ಸವರಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಭಾವನ ಮಾರುತಿ 800 ಹಿಂದಿನಿಂದ ಕೂಗಲು ಶುರು ಮಾಡಿದೆಯಂತೆ, ಮುಂದಿನ ಭಾನುವಾರ ಬರುತ್ತೇನೆ ಅಂದಿದ್ದಾರೆ. ಅದರ ಅಳತೆ ಡ್ರಮ್ ಬಿಚ್ಚಿದ ಮೇಲೆ ನೋಡಬೇಕು.